ಗೇಟಿನ ಪಕ್ಕದ ಜಾಗ

ಘೋಷಣೆ ತಪ್ಪಿ ಕೂಗಿದ್ದಕ್ಕೆ ನಿಕೊಲಾಸಾ ಚುಯ್ಮಾಳ ಜಾಗ ಹೋಯಿತು.

ಜಾಗ ಎಂದರೆ ದೊಡ್ಡದೇನಲ್ಲ. ಲಾ ಪಾಸ್ ನಗರದ ಪಾರ್ಕಿನ ಗೇಟಿಗೆ ಅಂಟಿಕೊಂಡಂತೆ, ಇಬ್ಬರು ಹೆಂಗಸರು ಲಂಗ ಹರಡಿ ಕೂತರೆ ತುಂಬಿಹೋಗುವಷ್ಟು ನೆಲ. ಪ್ರತಿ ಜನವರಿಯ ಅಲಸೀತ ಸಂತೆಗೆ ಅವಳ ಅಜ್ಜಿ ಅಲ್ಲಿ ಕೂತಿದ್ದಳು. ಆಮೇಲೆ ಅವ್ವ. ಆಮೇಲೆ ಇವಳು.

ಅಲಸೀತ ಎಂದರೆ ಐಮಾರ ಮಾತಿನಲ್ಲಿ ‘ನನ್ನನ್ನು ಕೊಳ್ಳು’ ಎಂದು. ಅಲ್ಲಿ ಮಾರುವುದೆಲ್ಲ ಬೆರಳುದ್ದದ್ದು. ಬೆರಳುದ್ದದ ಮನೆ, ಬೆರಳುದ್ದದ ಲಾರಿ, ಅಕ್ಕಿ ಮೂಟೆ, ಎಣ್ಣೆ ಬಾಟಲಿ, ಕಾಲೇಜಿನ ಪದವಿ. ಮೊದಲ ದಿನ ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ಕೊಂಡು ಧೂಪ ಹಾಕಿಸಿದರೆ, ಚಿಕ್ಕದಾಗಿ ಕೊಂಡದ್ದು ವರ್ಷದೊಳಗೆ ದೊಡ್ಡದಾಗಿ ಮನೆಗೆ ಬರುತ್ತದೆ. ಬರದಿದ್ದರೆ ಮುಂದಿನ ವರ್ಷ ಇನ್ನೊಂದು ಕೊಳ್ಳಬೇಕು. ಗಿರಾಕಿ ಹೀಗೆ ತಾನಾಗಿ ಮರಳಿ ಬರುವ ವ್ಯಾಪಾರ ಇನ್ನೆಲ್ಲಿದೆ ಹೇಳಿ.

ಹನ್ನೆರಡು ಗಂಟೆಗೇ ಕೊಳ್ಳಬೇಕು ಎಂಬುದರಲ್ಲಿ ಎಲ್ಲವೂ ಇದೆ. ಜನ ಗೇಟಿನಲ್ಲಿ ನುಗ್ಗುತ್ತಾರೆ. ಮೊದಲು ಕಣ್ಣಿಗೆ ಬಿದ್ದಲ್ಲಿ ಕೊಳ್ಳುತ್ತಾರೆ. ಧೂಪದವನ ಹತ್ತಿರ ಓಡುತ್ತಾರೆ. ಗೇಟಿನ ಪಕ್ಕದವಳಿಗೆ ವರ್ಷದ ಅನ್ನ. ಮೇಲೆ ಕಕ್ಕಸಿನ ಪಕ್ಕದ ಕೊನೆಯ ಸಾಲಿನವಳಿಗೆ ಮಳೆನೀರು.

ನಾನು ಎಲ್ವೀರಾ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತಳಾದವಳು. ನಮ್ಮೂರಲ್ಲಿ ಶ್ರೀಮಂತರು ಕೆಳಗೆ ಬೆಚ್ಚಗೆ ಇರುತ್ತಾರೆ, ಬಡವರು ಮೇಲೆ ಗಾಳಿಗೆ. ಮುನಯ್‌ಪಾಟದ ಇಳಿಜಾರಿನಲ್ಲಿ ನಿಕೊಲಾಸಾಳ ಗೋಡೆಗೆ ನನ್ನ ಗೋಡೆ ಆತುಕೊಂಡಿದೆ. ಎರಡಕ್ಕೂ ಬಿರುಕು ಒಂದೇ. ಪಿಂಚಣಿ ಸಾಲದಾದಾಗ, ನನಗೆ ನೋವಾಗದಂತೆ, “ಟೀಚರಮ್ಮ, ನನ್ ಕೈಬರಹ ಕೆಟ್ಟದು, ಈ ಪುಟ್ಟ ಮೂಟೆಗಳ ಮೇಲೆ ಹೆಸರು ಬರೀರಿ” ಎಂದು ಅವಳೇ ಕೆಲಸ ಕೊಟ್ಟಳು. ಸುಳ್ಳು. ಅವಳ ಕೈಬರಹ ಮುತ್ತಿನಂಥದು. ನಾನು ‘ಸಕ್ಕರೆ’ ಎಂದು ಬರೆದರೆ ಅರ್ಧ ಮೂಟೆಯ ಮುಂದಕ್ಕೆ, ಇನ್ನರ್ಧ ಬೆನ್ನಿಗೆ ಹೋಗುತ್ತಿತ್ತು.

“ಪರ್ವಾಗಿಲ್ಲ ಬಿಡಿ,” ಎನ್ನುತ್ತಿದ್ದಳು. “ಸಕ್ಕರೆ ಅಂಗಡೀಲೂ ಈಗ ಅರ್ಧಾನೇ ಸಿಗೋದು.”

ಈ ಪುಟ್ಟ ವಸ್ತುಗಳನ್ನು ಮಾಡುವುದು ಪ್ಲಾಸ್ಟರಿನಲ್ಲಿ. ಕಲಸುವುದು ಕೈಯಲ್ಲಿ. ತಣ್ಣೀರಿನಲ್ಲಿ. ಬಿಸಿನೀರಾದರೆ ಅಚ್ಚಿಗೆ ಸುರಿಯುವ ಮೊದಲೇ ಬಿಗಿಯುತ್ತದೆ. ನಮ್ಮೂರ ತಣ್ಣೀರೆಂದರೆ ಬೆಟ್ಟದ ಹಿಮ ಕರಗಿದ್ದು. ಪ್ಲಾಸ್ಟರ್ ಚರ್ಮದ ಪಸೆ ಹೀರುತ್ತದೆ. ಬೆರಳ ಸಂದು ಒಡೆಯುತ್ತದೆ. ಒಡೆದ ಸಂದಿಗೆ ಮತ್ತೆ ಪ್ಲಾಸ್ಟರ್ ಇಳಿಯುತ್ತದೆ. ಉಗುರು ಹಳದಿಯಾಗುತ್ತದೆ, ಬೀಳುತ್ತದೆ, ಹುಟ್ಟುತ್ತದೆ, ಮತ್ತೆ ಬೀಳುತ್ತದೆ. ಕೆಮ್ಮಿದರೆ ಬಿಳಿ ಕಫ. ಅವಳ ಅವ್ವ ಆ ಕೆಮ್ಮಿನಲ್ಲೇ ಹೋದಳು. ಆಸ್ಪತ್ರೆಯ ಡಾಕ್ಟರು ಹೊಗೆಬತ್ತಿ ಬಿಡಲು ಹೇಳಿದರು. ಅವಳು ಜನ್ಮದಲ್ಲಿ ಹೊಗೆಬತ್ತಿ ಮುಟ್ಟಿದವಳಲ್ಲ.

ಆಯಾ ವರ್ಷ ಏನು ಮಾಡಬೇಕೆಂದು ತಿಳಿಸುವವರು ಸರ್ಕಾರದವರು. ಪೆಟ್ರೋಲಿಗೆ ಸಾಲು ನಿಂತ ವರ್ಷ ಪುಟ್ಟ ಡ್ರಮ್ಮು ಮಾರಿತು. ಕಾರ್ಖಾನೆ ಮುಚ್ಚಿದ ವರ್ಷ ಪಾಸ್‌ಪೋರ್ಟು, ಸೂಟ್‌ಕೇಸು. ಪೇಟೆಯಲ್ಲಿ ಏನಿಲ್ಲವೋ ಅದು ಅಲಸೀತದಲ್ಲಿ ರಾಶಿ. ಈ ಸಲ ಊರಲ್ಲಿ ಡಾಲರ್ ಇರಲಿಲ್ಲ. ಬ್ಯಾಂಕಿನ ಗಾಜಿನ ಹಿಂದಿನ ಹುಡುಗಿ ಎಲ್ಲರಿಗೂ “ನಾಳೆ ಬನ್ನಿ” ಎಂದು ನಗುತ್ತಿದ್ದಳು. ಪಾಪ, ಅವಳ ಸಂಬಳವೂ ನಾಳೆಯೇ ಆಗುತ್ತಿತ್ತು. ಹಾಗಾಗಿ ಮಾರುವವರೆಲ್ಲ ಪುಟ್ಟ ಡಾಲರ್ ನೋಟು ಅಚ್ಚು ಹಾಕಿಸಿದರು. ಎಲ್ಲರೂ ಹಾಕಿಸಿದ್ದರಿಂದ ಡಿಸೆಂಬರಿಗೇ ಅದರ ಬೆಲೆ ಬಿದ್ದುಹೋಯಿತು. ನಿಕೊಲಾಸಾಳ ಪಕ್ಕದಲ್ಲಿ ಕೂರುವ ಪ್ಲಾಸಿದಾ ತಲೆ ಚಚ್ಚಿಕೊಂಡಳು.

“ದೇಶದಲ್ಲೆಲ್ಲ ಡಾಲರ್ ಏರ್ತಾ ಇದೆ. ನಾ ಮುಟ್ಟಿದ್ದು ನೋಡು, ಇಳೀತು.”

“ನಿನ್ನನ್ನ ಸರ್ಕಾರದಲ್ಲಿ ಮಂತ್ರಿ ಮಾಡ್ಬೇಕು ಕಣೇ,” ಎಂದಳು ನಿಕೊಲಾಸಾ. “ಡಾಲರ್ ಇಳಿಸೋಳು ಸಿಗ್ಲಿಲ್ಲ ಅಂತ ಅವ್ರು ಹುಡುಕ್ತಾ ಇದಾರೆ.”

ಅವಳು ಡಾಲರಿನ ಕಡೆ ಹೋಗಲಿಲ್ಲ. ಪುಟ್ಟ ಅಂಗಡಿಗಳನ್ನು ಮಾಡಿದಳು. ಕೆಲಸ ಹೋದವರೆಲ್ಲ ಮನೆಯ ಬಾಗಿಲಲ್ಲಿ ಒಂದು ಅಂಗಡಿ ತೆರೆಯುವ ಮಾತಾಡುತ್ತಿದ್ದರು. ಅಂಗೈಯಗಲದ ಅಂಗಡಿ, ಒಳಗೆ ಕಪಾಟು, ಕಪಾಟಿನ ತುಂಬ ಮೂಟೆ, ಬಾಟಲಿ, ತಕ್ಕಡಿ. ಚೆಲುವಾದ ವಸ್ತು. ಪ್ಲಾಸ್ಟರ್ ನಮ್ಮ ನೆಲದ್ದು, ಅಗ್ಗ. ಬಣ್ಣ ಹೊರದೇಶದ್ದು. ಬಣ್ಣಕ್ಕೆಂದು ಅವಳು ಹಬ್ಬದ ಲಂಗ ಮಾರಿದಳು, ಶಾಲು ಮಾರಿದಳು, ಶಾಲಿನ ಚಿನ್ನದ ಪಿನ್ನು ಮಾರಿದಳು. ಕೊನೆಗೆ ಗುಂಡು ಟೋಪಿ ಒಂದು ಉಳಿಯಿತು. ಅದನ್ನೂ ಕೈಯಲ್ಲಿ ಹಿಡಿದು ನೋಡಿ ಮತ್ತೆ ತಲೆಗಿಟ್ಟುಕೊಂಡಳು.

ಬಣ್ಣ ತರಿಸುತ್ತಿದ್ದವನು ಇಂಜಿನಿಯರ್ ಬಾಲ್ಕಾಸರ್. ಕೆಳಗಿನ ಊರಿನವನು. ಆಳುವ ಪಕ್ಷದಲ್ಲಿದ್ದ ಕಾರಣ ಅವನಿಗೆ ಡಾಲರ್ ಸರ್ಕಾರಿ ದರದಲ್ಲಿ ಸಿಗುತ್ತಿತ್ತು. ಆ ಡಾಲರಿನ ಬಣ್ಣವನ್ನು ನಮಗೆ ಬೀದಿಯ ದರದಲ್ಲಿ ಮಾರುತ್ತಿದ್ದ. ಒಂದು ಡಬ್ಬ ಬಣ್ಣದಲ್ಲಿ ಅವನಿಗೆ ಎರಡು ಡಬ್ಬ ಲಾಭ. ಇಷ್ಟು ಜಾಣತನಕ್ಕೆ ವ್ಯಾಪಾರ ಸಂಘದವರು ಶಾಲು ಹೊದಿಸಿ ‘ವರ್ಷದ ಉದ್ಯಮಿ’ ಎಂದರು. ಆಳುವ ಪಕ್ಷ ಮುಳುಗುವ ಲಕ್ಷಣ ಕಂಡಾಗ ಅವನು ಅದರಿಂದ ಇಳಿದು, ಭ್ರಷ್ಟಾಚಾರ ಸಹಿಸಲಾರೆ ಎಂದು ಹೇಳಿ, ಹೊಸ ಪಕ್ಷದಿಂದ ಮೇಯರ್ ಚುನಾವಣೆಗೆ ನಿಂತ.

ಈಗ ಮೆರವಣಿಗೆಯ ವಿಷಯ ಹೇಳಬೇಕು. ನಮ್ಮಲ್ಲಿ ಬೀದಿಯಲ್ಲಿ ಮಾರುವವರೆಲ್ಲ ಒಂದು ಸಂಘದಲ್ಲಿರಬೇಕು. ಸಂಘ ಕರೆದ ಮೆರವಣಿಗೆಗೆ ಹೋಗಬೇಕು. ಹೋದರೆ ಒಂದು ಚೀಟಿ. ಚೀಟಿ ಇದ್ದರೆ ಜಾಗ. ಯಾರ ಪರ, ಯಾಕೆ ಎಂದು ಕೇಳುವ ಹಾಗಿಲ್ಲ. ಸಂಘದ ಮುಖಂಡ ದೋನ್ ವಾಲೆರಿಯಾನೊ ಒಂದು ಕಾಲದಲ್ಲಿ ತಗಡಿನ ಪುಟ್ಟ ಲಾರಿ ಮಾಡುತ್ತಿದ್ದವನು. ಒಳ್ಳೆಯ ಲಾರಿ, ಚಕ್ರ ತಿರುಗುತ್ತಿತ್ತು. ಮುಖಂಡನಾದ ಮೇಲೆ ಲಾರಿ ಬಿಟ್ಟು ತಾನೇ ತಿರುಗತೊಡಗಿದ. ವರ್ಷಗಟ್ಟಲೆ ನಮ್ಮವರನ್ನು ಆಳುವ ಪಕ್ಷದ ಈಗಿನ ಮೇಯರನ ಪರ ನಡೆಸಿದ. ಬಾಲ್ಕಾಸರ್ ಪಕ್ಷ ಬದಲಿಸಿದ ವಾರವೇ ಅವನೂ ಬದಲಿಸಿದ. ಅವೇ ಕಾಲು, ಅದೇ ಬೀದಿ, ಕೂಗು ಮಾತ್ರ ತಿರುವುಮುರುವು.

ಡಿಸೆಂಬರಿನಲ್ಲಿ ವಾರಕ್ಕೆ ಎರಡು ಮೆರವಣಿಗೆ. ಸ್ಮಶಾನದ ಮೇಲಿನ ರಸ್ತೆಯಿಂದ ಸಾನ್ ಫ್ರಾನ್ಸಿಸ್ಕೊ ಚೌಕದವರೆಗೆ ಇಳಿಜಾರು. ಹತ್ತುವುದಕ್ಕಿಂತ ಇಳಿಯುವುದು ಮೊಣಕಾಲಿಗೆ ಕೆಟ್ಟದು. ನಿಕೊಲಾಸಾಳ ಗಂಟಲು ದೊಡ್ಡದು ಎಂದು ಅವಳ ಕೈಗೆ ಮೈಕು. ನಾನು ಫುಟ್‌ಪಾತಿನಲ್ಲಿ ನೀರಿನ ಬಾಟಲಿ ಹಿಡಿದು ಜೊತೆಗೆ. ಎಲ್ಲರ ಮುಂದೆ ಬಾಲ್ಕಾಸರ್, ಕೊರಳಲ್ಲಿ ಹಾರ, ತಲೆಯ ಮೇಲೆ ಬಣ್ಣದ ಕಾಗದದ ಚೂರು.

“ಮೇಯರ್?” ಎಂದು ಇವಳು ಕೂಗಬೇಕು.

“ತೊಲಗ್ಲಿ!” ಎಂದು ಹಿಂದಿನವರು.

ಚೆನ್ನಾಗಿಯೇ ಸಾಗಿತ್ತು. ಅಷ್ಟರಲ್ಲಿ ಬೆಟ್ಟದ ಮೇಲೆ ಮೋಡ ಕವಿಯಿತು. ಅವಳ ಹಸಿ ಅಂಗಡಿಗಳೆಲ್ಲ ಅಂಗಳದಲ್ಲಿ ಒಣಗಲು ಇಟ್ಟಿದ್ದವು. ಅವಳು ಮೋಡ ನೋಡಿದಳು. ನಾನೂ ನೋಡಿದೆ. ಅವಳ ಬಾಯಿ ಮಾತ್ರ ತನ್ನ ಹಳೆಯ ಅಭ್ಯಾಸಕ್ಕೆ ಹೋಯಿತು.

“ಮೇಯರ್ ಉಳೀಲಿ! ಸಾವಿರ ವರ್ಷ ಉಳೀಲಿ!”

“ಉಳೀಲಿ! ಉಳೀಲಿ!” ಎಂದಿತು ಇಡೀ ಸಂಘ.

ಯಾರಿಗೂ ಗೊತ್ತಾಗಲಿಲ್ಲ. ಈ ಕೂಗು ಅವರಿಗೆ ಸಲೀಸು, ವರ್ಷಗಳಿಂದ ರೂಢಿ. ಹೊಸ ಕೂಗಿಗಿಂತ ಎಷ್ಟೋ ಗಟ್ಟಿಯಾಗಿ ಬಂತು. ವಾಲೆರಿಯಾನೊ ಸ್ವತಃ ಮುಷ್ಟಿ ಎತ್ತಿ “ಉಳೀಲಿ!” ಎಂದ. ಹಾಗೆಯೇ ಒಂದು ಬೀದಿ ಪೂರ್ತಿ ದಾಟಿದರು. ತಿರುವಿನಲ್ಲಿದ್ದ ಪೊಲೀಸಿನವನು ಗೊಂದಲಕ್ಕೆ ಬಿದ್ದು ಸೆಲ್ಯೂಟ್ ಹೊಡೆದ. ಕೊನೆಗೆ ತಿರುಗಿ ನೋಡಿದವನು ಬಾಲ್ಕಾಸರ್. ತಲೆಯ ಮೇಲೆ ಬಣ್ಣದ ಕಾಗದ ಹಾಗೇ ಇತ್ತು. ಮುಖದಲ್ಲಿ ಬಣ್ಣ ಇರಲಿಲ್ಲ.

ಮಾರನೆಯ ದಿನ ವಾಲೆರಿಯಾನೊ ನಿಕೊಲಾಸಾಳ ಅಂಗಳಕ್ಕೆ ಬಂದ. ನಾನು ಮೂಟೆಗಳಿಗೆ ಹೆಸರು ಬರೆಯುತ್ತಿದ್ದೆ.

“ಅಕ್ಕಾ, ಮನಸ್ಸಿಗೆ ಭಾಳ ಬೇಜಾರಾಯ್ತು.”

“ಕೂತ್ಕೊಳ್ಳಿ ದೋನ್ ವಾಲೆರಿಯಾನೊ. ಆ ಹಲಗೆ ಮೇಲೆ ಬೇಡ, ಹಸಿ ಇದೆ.”

ಅವನು ಅಷ್ಟರಲ್ಲಿ ಕೂತಾಗಿತ್ತು.

“ನಿನ್ನಿಂದ ಸಂಘದ ಮರ್ಯಾದೆ ಹೋಯ್ತು. ಗೇಟಿನ ಜಾಗ ಇನ್ನು ನಿಂದಲ್ಲ.”

“ನಾನೊಬ್ಳೇ ಕೂಗಿದ್ನಾ? ನೀವೂ ಕೈ ಎತ್ತಿದ್ರಿ. ಟೀಚರಮ್ಮ ನೋಡಿದಾರೆ.”

“ಜನ ಕೂಗ್ತಾ ಇದ್ರು. ಮುಖಂಡ ಆದೋನು ಜನದ ಜೊತೆ ಇರ್ಬೇಕಲ್ವಾ?”

“ಮತ್ತೆ ಜಾಗ ನಂದೊಂದೇ ಯಾಕೆ ಹೋಗತ್ತೆ?”

“ಮೈಕು ನಿನ್ನ ಕೈಲಿತ್ತು.” ಅವನು ಕೆಟ್ಟವನಲ್ಲ, ಹೇಳುವಾಗ ನೆಲ ನೋಡಿದ. “ಬಾಲ್ಕಾಸರ್ ಸಾಹೇಬ್ರಿಗೆ ತಪ್ಪು ಹೊರಿಸೋಕೆ ಯಾರಾದ್ರೂ ಒಬ್ರು ಬೇಕು. ನಾನೇನ್ ಮಾಡ್ಲಿ? ಅದಕ್ಕೇ ಒಂದು ದಾರಿ ಮಾಡ್ಕೊಂಡ್ ಬಂದಿದೀನಿ.”

ದಾರಿ ಹೀಗಿತ್ತು. ಅಲಸೀತದ ಮೊದಲ ದಿನ ಬಾಲ್ಕಾಸರ್ ವೇದಿಕೆಗೆ ಬರುತ್ತಾನೆ. ನಿಕೊಲಾಸಾ ಒಂದು ಎಕೇಕೊ ಮಾಡಬೇಕು. ಎಕೇಕೊ ಎಂದರೆ ನಮ್ಮ ಸಮೃದ್ಧಿಯ ದೇವರು. ಬೊಜ್ಜಿನ ಗಿಡ್ಡ ಆಸಾಮಿ, ಎರಡೂ ಕೈ ಚಾಚಿ, ಮೈತುಂಬ ಮೂಟೆ, ನೋಟು, ಮನೆ ಹೇರಿಕೊಂಡವನು. ಈ ಎಕೇಕೊಗೆ ಬಾಲ್ಕಾಸರನ ಮುಖ ಇರಬೇಕು. ಅದನ್ನು ಅವಳು ವೇದಿಕೆಯ ಮೇಲೆ ಮೊಣಕಾಲೂರಿ ಅವನಿಗೆ ಕೊಡಬೇಕು.

“ಆಮೇಲೆ ಮೈಕಲ್ಲಿ ಒಂದು ಮಾತು. ನಾನು ಓದು ಬರಹ ಇಲ್ದ ಹೆಂಗ್ಸು, ತಿಳೀದೆ ಕೂಗ್ದೆ, ಕ್ಷಮಿಸಿ ಅಂತ.”

“ನಂಗೆ ಓದೋಕೆ ಬರತ್ತಲ್ಲ.”

“ಬಂದ್ರೂ ಹಾಗನ್ನು. ಅವ್ರಿಗೆ ಸಮಾಧಾನ ಆಗತ್ತೆ.”

“ಅನ್ನದಿದ್ರೆ?”

“ಮೇಲೆ ಕೊನೇ ಸಾಲು ಅಕ್ಕಾ. ಕಕ್ಕಸಿನ ಪಕ್ಕ.”

ಅವನು ಎದ್ದು ಹೋದ. ಪ್ಯಾಂಟಿನ ಹಿಂಬದಿಯಲ್ಲಿ ಎರಡು ದುಂಡನೆಯ ಬಿಳಿ ಗುರುತು. ನಾನು ಕರೆದು ಹೇಳಬೇಕೆಂದಿದ್ದೆ. ನಿಕೊಲಾಸಾ ನನ್ನ ಕೈ ಹಿಡಿದಳು. “ಹೋಗ್ಲಿ ಬಿಡಿ. ಊರಿಗೆ ಗೊತ್ತಾಗ್ಲಿ ನಮ್ಮನೇಲಿ ಕೂತಿದ್ರು ಅಂತ.”

ನಾನು ಅರ್ಜಿ ಬರೆಯುತ್ತೇನೆ ಎಂದೆ. ನಗರಸಭೆಗೆ, ಪತ್ರಿಕೆಗೆ.

“ಬರೀರಿ ಟೀಚರಮ್ಮ. ಚೆನ್ನಾಗಿ ಬರೀರಿ. ನಗರಸಭೆ ಕಿಟಕೀಲಿ ಗಾಳಿ ಬರ್ತಾ ಇದೆಯಂತೆ, ಸಂದಿಗೆ ತುರುಕೋಕೆ ಕಾಗದ ಬೇಕು.”

ಅವಳು ಎಕೇಕೊ ಮಾಡಲು ಕೂತಳು. ಪತ್ರಿಕೆಯ ಫೋಟೊ ಎದುರಿಗಿಟ್ಟುಕೊಂಡು ಬಾಲ್ಕಾಸರನ ಮೂಗು ತಿದ್ದಿದಳು, ಗಲ್ಲ ತಿದ್ದಿದಳು. ನನಗೆ ಬೇಸರವಾಯಿತು. ತೋರಿಸಿಕೊಳ್ಳಲಿಲ್ಲ ಎಂದುಕೊಂಡಿದ್ದೆ. ಅವಳು ತಲೆ ಎತ್ತದೆ ಹೇಳಿದಳು, “ಹಂಗ್ ನೋಡ್ಬೇಡಿ. ಮನೆ ತುಂಬ ಅಂಗಡಿ ಕೂತಿವೆ. ಕೊನೇ ಸಾಲಲ್ಲಿ ಯಾರು ತಗೋತಾರೆ? ನನ್ನ ಲಂಗ, ಶಾಲು ಎಲ್ಲ ಈ ಬಣ್ಣದಲ್ಲಿದೆ. ಮಂಡಿ ತಾನೇ? ದಿನಾ ನೆಲ ಒರೆಸುವಾಗ ಊರ್ತೀನಿ. ಅವತ್ತೂ ನೆಲ ಒರೆಸ್ದೆ ಅಂದ್ಕೋತೀನಿ.”

ನಾನು ಕುಂಚ ಎತ್ತಿಕೊಂಡೆ. ಎಕೇಕೊಗೆ ಮೀಸೆ ಬರೆದುಕೊಟ್ಟೆ. ಅದೂ ಒಂದು ಕಡೆ ಮೇಲೆ ಹೋಯಿತು.

ಅಲಸೀತದ ದಿನ ಬೆಳಿಗ್ಗೆ ಅವಳನ್ನು ಗೇಟಿನ ಪಕ್ಕವೇ ಕೂರಲು ಬಿಟ್ಟರು. ವೇದಿಕೆಯ ಮೇಲೆ ಕ್ಷಮೆ ಕೇಳಿದರೆ ಅಲ್ಲೇ ಉಳಿಯಬಹುದು ಎಂಬ ಕರಾರು. ಅವಳು ಅಂಗಡಿಗಳನ್ನು ಸಾಲಾಗಿ ಜೋಡಿಸಿದಳು. ಕೆಂಪು ಬಾಗಿಲು, ನೀಲಿ ಬಾಗಿಲು. ಬಣ್ಣ ಮುಗಿದಿದ್ದರಿಂದ ಕೊನೆಯವು ಬರೀ ಬಿಳಿ. ಪ್ಲಾಸಿದಾ ತನ್ನ ಡಾಲರಿನ ಗುಡ್ಡೆಯನ್ನು ಒಂದು ಮೊಳ ಆಚೆ ಸರಿಸಿ ಇವಳಿಗೆ ಜಾಗ ಮಾಡಿಕೊಟ್ಟಳು. ಡಾಲರಿಗೆ ಹೇಗೂ ಬೆಲೆ ಇಲ್ಲವಲ್ಲ ಎಂಬಂತೆ ಮುಖ ಮಾಡಿದಳು.

ಹನ್ನೆರಡಕ್ಕೆ ಇನ್ನೂ ಸ್ವಲ್ಪ ಇರುವಾಗ ಬಾಲ್ಕಾಸರ್ ಮೈಕು ಹಿಡಿದ. ನಿಕೊಲಾಸಾ ಎಕೇಕೊ ಎತ್ತಿಕೊಂಡು ಅವನ ಹಿಂದೆ ನಿಂತಿದ್ದಳು. ಪಕ್ಕದಲ್ಲಿ ಧೂಪದ ಮುದುಕ, ಕೈಯಲ್ಲಿ ಕೆಂಡದ ಬಟ್ಟಲು. ನಾನು ವೇದಿಕೆಯ ಬುಡದಲ್ಲಿ.

“ನನಗೆ ಯಾರೂ ಏನೂ ಕೊಡಲಿಲ್ಲ,” ಎಂದ ಬಾಲ್ಕಾಸರ್. “ಡಾಲರ್ ಇಲ್ಲ, ಸರ್ಕಾರ ಸರಿಯಿಲ್ಲ ಅಂತ ಎಲ್ಲರೂ ಅಳ್ತಾರೆ. ನಾನು ಅಳಲಿಲ್ಲ. ದುಡಿದೆ. ಧೈರ್ಯವಾಗಿ ಬಂಡವಾಳ ಹಾಕಿದೆ. ಕಷ್ಟಪಟ್ಟರೆ ಈ ನಮ್ಮ ತಾಯಂದಿರೂ ನನ್ನಂತೆ ಮೇಲೆ ಬರಬಹುದು. ಆದರೆ ಕಷ್ಟಪಡಬೇಕು!”

ಚಪ್ಪಾಳೆ ತಟ್ಟಿದರು. ತಟ್ಟಿದ ಕೈಗಳಿಂದ ಪ್ಲಾಸ್ಟರಿನ ಧೂಳು ಎದ್ದಿತು.

ವಾಲೆರಿಯಾನೊ ಸನ್ನೆ ಮಾಡಿದ. ನಿಕೊಲಾಸಾ ಮುಂದೆ ಬಂದಳು. ಫೋಟೊದವರು ಸುತ್ತ ನಿಂತರು. ಬಾಲ್ಕಾಸರ್ ಫೋಟೊಗೆಂದು ಅವಳ ಕೈ ಹಿಡಿದು ಎತ್ತಿದ. ಒಡೆದ ಕೈ. ಹಿಡಿದವನು ಒಮ್ಮೆ ಕೈಯನ್ನೇ ನೋಡಿದ. ಬಿಟ್ಟ. ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು ತನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ.

“ಅಂಟುತ್ತಾ ಇದು?” ಎಂದು ವಾಲೆರಿಯಾನೊನನ್ನು ಕೇಳಿದ. ಅವಳನ್ನಲ್ಲ. ಮೈಕು ತೆರೆದೇ ಇತ್ತು.

ಕೆಳಗಿದ್ದವರೆಲ್ಲ ವೇದಿಕೆಯತ್ತ ತಿರುಗಿದರು.

ನಿಕೊಲಾಸಾಳ ಒಂದು ಮಂಡಿ ಬಾಗಿತ್ತು. ನಾನು ಕಂಡಿದ್ದೇನೆ. ಅದು ಅರ್ಧಕ್ಕೆ ನಿಂತಿತು. ಆಮೇಲೆ ನಿಧಾನವಾಗಿ ನೆಟ್ಟಗಾಯಿತು.

“ಅಂಟಲ್ಲ ಸಾಹೇಬ್ರೇ,” ಎಂದಳು. “ಅಂಟೋ ಹಾಗಿದ್ರೆ ನಿಮಗೆ ಯಾವತ್ತೋ ಅಂಟ್ಬೇಕಿತ್ತು. ಈ ಕೈಗೆ ಹತ್ತಿರೋ ಬಣ್ಣ ನಿಮ್ಮದೇ.”

ಯಾರೋ ಒಬ್ಬರು ಕಿಸಕ್ಕೆಂದರು.

“ಓದು ಬರಹ ಇಲ್ಲ ಅನ್ನು ಅಂದಿದ್ರು. ನಂಗೆ ಓದೋಕೆ ಬರತ್ತೆ. ‘ಮೇಯರ್ ಉಳೀಲಿ’ ಅಂತ ಹಾಕಿದ್ದ ಹಳೇ ಬೋರ್ಡಲ್ಲಿ ಕೆಳಗಡೆ ನಿಮ್ಮ ಹೆಸ್ರಿತ್ತು. ದಿನಾ ಓದ್ಕೊಂಡ್ ಹೋಗ್ತಿದ್ದೆ. ಘೋಷಣೆ ತಪ್ಪಿದ್ದು ಅದಕ್ಕೇ ಇರ್ಬೇಕು.”

“ಅಕ್ಕಾ,” ಎಂದ ವಾಲೆರಿಯಾನೊ. “ಅಕ್ಕಾ, ಎಕೇಕೊ ಕೊಡು ಸಾಕು.”

“ಕೊಡ್ತೀನಿ. ಬರೀಗೈಲಿ ಕಳಿಸ್ತೀನಾ?”

ಅವಳು ಎಕೇಕೊನನ್ನು ಮೇಜಿನ ಮೇಲೆ ನಿಲ್ಲಿಸಿದಳು. ಅದರ ಮೈಮೇಲಿದ್ದುದನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಪುಟ್ಟ ಮನೆ ತೆಗೆದಳು. “ಮನೆ ಸಾಹೇಬ್ರಿಗೆ ಇದೆ.” ಕಾರು ತೆಗೆದಳು. “ಕಾರೂ ಇದೆ.” ಡಾಲರಿನ ಕಟ್ಟು ತೆಗೆದಳು. “ಇದು ಅವ್ರೊಬ್ರಿಗೇ ಇದೆ.” ಈಗ ಜನ ನಗತೊಡಗಿದ್ದರು. ಮೊದಲು ಹೆಂಗಸರು, ಬಾಯಿಗೆ ಶಾಲು ಒತ್ತಿಕೊಂಡು. ಆಮೇಲೆ ಒತ್ತದೆ. ಮೂಟೆ, ಬಾಟಲಿ ಎಲ್ಲ ಹೋದವು. ಕೊನೆಗೆ ಬೊಜ್ಜಿನ ಬಾಲ್ಕಾಸರ್ ಬರೀ ಮೈಯಲ್ಲಿ ಕೈ ಚಾಚಿಕೊಂಡು ನಿಂತ. ಅದರ ಸೊಂಟದಲ್ಲಿ ಒಂದೇ ಒಂದು ವಸ್ತು ನೇತಾಡುತ್ತಿತ್ತು. ಟೈರಿನಿಂದ ಮಾಡಿದ ಪುಟ್ಟ ಚಪ್ಪಲಿ ಜೋಡಿ. ಮೇಲಿನ ಇಳಿಜಾರಿನ ನಮ್ಮ ಜನ ಹಾಕಿ ನಡೆಯುವಂಥದು.

ಅವಳು ಅದನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. ಅದೇ ಹೊತ್ತಿಗೆ ಗುಡಿಗಂಟೆಗಳು ಹನ್ನೆರಡು ಹೊಡೆಯತೊಡಗಿದವು.

“ಇಲ್ಲದ್ದು ಇದೊಂದೇ. ನಾವು ನಿಮಗೋಸ್ಕರ ಸಾಕಷ್ಟು ನಡೆದ್ವಿ. ಈ ವರ್ಷ ನೀವು ನಡೀರಿ. ನಾವು ಕೂತ್ಕೊಂಡ್ ನೋಡ್ತೀವಿ.”

ಹನ್ನೆರಡು ಹೊಡೆಯುವಾಗ ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಬೇಡವೆಂದರೆ ವರ್ಷವಿಡೀ ದರಿದ್ರ. ಇದನ್ನು ನಂಬದವರೂ ಪರೀಕ್ಷಿಸಲು ಹೋಗುವುದಿಲ್ಲ. ಬಾಲ್ಕಾಸರ್ ಚಪ್ಪಲಿಯನ್ನು ಬೆಂಕಿಯಂತೆ ಹಿಡಿದು ನಿಂತ. ಎಸೆಯಲಾರ, ಇಟ್ಟುಕೊಳ್ಳಲಾರ. ಧೂಪದ ಮುದುಕನಿಗೆ ಕಿವಿ ಮಂದ. ಕೈಯಲ್ಲಿ ವಸ್ತು ಕಂಡ ಕೂಡಲೇ ತನ್ನ ಕೆಲಸಕ್ಕೆ ಬಂದ. ಚಪ್ಪಲಿಗೆ ಧೂಪ ಹಾಕಿದ, ದ್ರಾಕ್ಷಾರಸ ಚಿಮುಕಿಸಿದ, ಹೂವಿನ ಎಸಳು ಉದುರಿಸಿದ.

“ಚಿಕ್ಕದು ದೊಡ್ಡದಾಗ್ಲಿ ಮಗನೇ,” ಎಂದು ಹರಸಿದ. “ಬೇಗ ಆಗ್ಲಿ.”

ಅಂಥ ನಗು ನಾನು ನನ್ನೂರಿನಲ್ಲಿ ಅಲ್ಲಿಯವರೆಗೆ ಕೇಳಿರಲಿಲ್ಲ.

ನಗು ಮುಗಿಯುವ ಮೊದಲೇ ಗೇಟಿನ ಪಕ್ಕದ ಜಾಗ ಹೋಯಿತು. ತೋಳಿಗೆ ಸಂಘದ ಪಟ್ಟಿ ಕಟ್ಟಿದ ಗಂಡಸರು ಬಂದು ಅವಳ ಬಟ್ಟೆಯ ನಾಲ್ಕು ತುದಿ ಹಿಡಿದು ಎತ್ತಿದರು. ಅಂಗಡಿಗಳು ಒಂದರ ಮೇಲೊಂದು ಬಿದ್ದು ಮುರಿದವು. ಕೆಂಪು ಬಾಗಿಲು ನೀಲಿ ಬಾಗಿಲು ಚೂರಾದವು. ಜನ ಗೇಟಿನಲ್ಲಿ ನುಗ್ಗುತ್ತಿದ್ದ ಹೊತ್ತು ಅದು. ವರ್ಷದ ಅನ್ನದ ಹೊತ್ತು. ಅವಳು ವೇದಿಕೆಯಿಂದ ಇಳಿದು ಬಂದಳು. ಚೂರುಗಳನ್ನು ಲಂಗದ ಮಡಿಲಿಗೆ ಹಾಕಿಕೊಂಡಳು.

ಇಷ್ಟು ವರ್ಷ ಪಾಠ ಹೇಳಿದ ಬಾಯಿಗೆ ಆ ಗಂಡಸರನ್ನು ಬೈಯಲು ಒಂದೇ ಒಂದು ಒಳ್ಳೆಯ ಬೈಗುಳ ಸಿಗಲಿಲ್ಲ. “ನಾಚಿಕೆಯಾಗಬೇಕು,” ಎಂದೆ, ಹೋಂವರ್ಕ್ ಮಾಡದ ಮಕ್ಕಳಿಗೆ ಹೇಳುವಂತೆ. ಅವರಲ್ಲೊಬ್ಬ, “ಆಗ್ತಾ ಇದೆ ಟೀಚರಮ್ಮ,” ಎಂದ. ಎಂದು ಬಟ್ಟೆಯ ತುದಿಯನ್ನು ಸ್ವಲ್ಪ ಮೆಲ್ಲಗೆ ಹಿಡಿದ.

ಪ್ಲಾಸಿದಾ ಎದ್ದು ನಿಂತಳು. “ನಾ ನಿನ್ ಜೊತೆ ಬರಲ್ಲ ಕಣೇ. ಮನೇಲಿ ತಿನ್ನೋ ಬಾಯಿ ಭಾಳ.”

“ಯಾರು ಕರೆದ್ರು ನಿನ್ನ? ಕೂತ್ಕೋ, ನಿನ್ ಡಾಲರ್ ಓಡೋಗತ್ತೆ.”

ಪ್ಲಾಸಿದಾ ಕೂರಲಿಲ್ಲ. ಮುರಿಯದೆ ಉಳಿದ ಒಂದು ತಟ್ಟೆ ಅಂಗಡಿಗಳನ್ನು ತಲೆಯ ಮೇಲೆ ಹೊತ್ತು ಮೇಲಿನ ಸಾಲಿನವರೆಗೆ ಇಟ್ಟು ಬಂದಳು. ಬರುವಾಗ ಏದುಸಿರು, ಬೈಗುಳ. ಆಮೇಲೆ ಅವಳ ಹತ್ತಿರ ಯಾರಾದರೂ ಅಂಗಡಿ ಕೇಳಿದರೆ, “ನನ್ನ ಕಾಸೆರಾ ಮೇಲಿದಾಳೆ, ಹತ್ತಿ ಹೋಗಿ, ಕಾಲಿಗೂ ಒಳ್ಳೇದು,” ಎನ್ನುತ್ತಿದ್ದಳು. ಖಾಯಂ ಕೊಳ್ಳುವವಳನ್ನೂ ಖಾಯಂ ಮಾರುವವಳನ್ನೂ ನಮ್ಮಲ್ಲಿ ಕಾಸೆರಾ ಎಂದೇ ಕರೆಯುವುದು. ಪ್ಲಾಸಿದಾ ಅವಳಿಂದ ಏನನ್ನೂ ಕೊಂಡವಳಲ್ಲ.

ಮೇಲೆ ಕಕ್ಕಸಿನ ವಾಸನೆ. ಕೆಸರು. ಸಂಜೆ ಆಲಿಕಲ್ಲು ಬಿತ್ತು. ನಾವಿಬ್ಬರೂ ಪ್ಲಾಸ್ಟಿಕ್ ಹಾಳೆ ಹಿಡಿದು ಅಂಗಡಿಗಳಿಗೆ ಮರೆಯಾಗಿ ನಿಂತೆವು. ನೆನೆದದ್ದು ನಾವು.

ಕೆಲವರು ಹತ್ತಿ ಬಂದರು. ಚಪ್ಪಲಿ ಕೊಟ್ಟವಳು ಇವಳೇನಾ ಎಂದು ನೋಡಲು ಬಂದವರೂ ಇದ್ದರು. ನೋಡಿ, ನಕ್ಕು, ಕೊಳ್ಳದೆ ಹೋದವರೇ ಹೆಚ್ಚು. ನಗು ಪುಕ್ಕಟೆ ನೋಡಿ. ಬಿಳಿಯ ಅಂಗಡಿಗಳಂತೂ ಹಾಗೇ ಉಳಿದವು. ಈ ವರ್ಷ ಅವಳು ಅನ್ನಕ್ಕೆ ದಾರಿ ಮಾಡಿಕೊಂಡದ್ದು ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ. ಪಾತ್ರೆ ತೊಳೆಯುವ ಕೆಲಸ. ಅಲ್ಲಿಯೂ ತಣ್ಣೀರೇ. ಬಾಲ್ಕಾಸರ್ ಗೆದ್ದನೇ ಸೋತನೇ ಎಂದು ನೀವು ಕೇಳಬಹುದು. ಬಣ್ಣದ ಡಬ್ಬದ ಬೆಲೆ ಇಳಿದಿಲ್ಲ. ಅಷ್ಟು ಹೇಳಬಲ್ಲೆ.

ಸಂತೆಯ ಕೊನೆಯ ವಾರ ವಾಲೆರಿಯಾನೊ ಮೇಲಿನ ಸಾಲಿಗೆ ಹತ್ತಿ ಬಂದ. ಮಳೆ ಹನಿಯುತ್ತಿತ್ತು. ಕೆಸರಿನಲ್ಲಿ ಎರಡು ಸಲ ಜಾರಿದ. ಉಸಿರು ಸಿಗದೆ ನಿಂತವನನ್ನು ನೋಡಿ ನಿಕೊಲಾಸಾ ಪಕ್ಕದವಳಿಂದ ಒಂದು ಲೋಟ ಆಪಿ ತರಿಸಿದಳು. ನೇರಳೆ ಮೆಕ್ಕೆಜೋಳದ ಬಿಸಿ ಗಂಜಿ.

“ಮೊದ್ಲು ಕುಡೀರಿ. ಬೈಯೋದು ಆಮೇಲೆ ಬೈಯಿರಿ.”

ಅವನು ಕುಡಿದ. ಮೀಸೆ ನೇರಳೆಯಾಯಿತು.

“ಬೈಯೋಕೆ ಬಂದಿಲ್ಲ ಅಕ್ಕಾ. ಭಾನುವಾರ ಮೆರವಣಿಗೆ ಇದೆ. ನೀನು ಬಂದ್ರೆ, ಬರೋ ವರ್ಷ ಗೇಟಿನ ಜಾಗದ ಮಾತಾಡ್ತೀನಿ. ಸಾಹೇಬ್ರ ಹತ್ರ ನಾನೇ ಮಾತಾಡ್ತೀನಿ.”

“ಇಲ್ಲ.”

“ಸುಮ್ನೆ ಬಂದು ನಿಂತ್ರೆ ಸಾಕು. ಮೈಕು ಕೊಡಲ್ಲ.”

“ಬರಲ್ಲ ದೋನ್ ವಾಲೆರಿಯಾನೊ.”

ಅವನು ಕೋಟಿನೊಳಗಿನಿಂದ ಹಾಜರಿ ಪುಸ್ತಕ ತೆಗೆದ. ಮಳೆಗೆ ಅಂಚು ಉಬ್ಬಿತ್ತು. ಸುತ್ತ ನೋಡಿ, ದನಿ ತಗ್ಗಿಸಿ, “ಜ್ವರ ಅಂತ ಬರ್ಕೊಳ್ಲಾ? ಜ್ವರ ಇದ್ರೆ ಜಾಗಕ್ಕೆ ತೊಂದ್ರೆ ಇಲ್ಲ,” ಎಂದ. ನಿಜವಾಗಿ ಉಪಕಾರ ಮಾಡಲೆಂದೇ ಕೇಳಿದ. ಅಷ್ಟು ದೂರ ಹತ್ತಿ ಬಂದದ್ದೂ ಅದಕ್ಕೇ ಇರಬೇಕು.

ನಿಕೊಲಾಸಾ ಅವನನ್ನು ನೋಡಿ ನಕ್ಕಳು. ಅವಳ ನಗುವಿನಲ್ಲಿ ಕಹಿ ಇರಲಿಲ್ಲ.

“ಜ್ವರ ಇಲ್ಲ. ಗುಂಡುಕಲ್ಲಿನ ಹಾಗಿದೀನಿ. ಬರಲ್ಲ ಅಂತಾನೇ ಬರ್ಕೊಳ್ಳಿ.”

“ಹಂಗೆ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲ ಅಕ್ಕಾ. ಬಂದೋರು, ಕಾಯಿಲೆಯೋರು, ಸತ್ತೋರು, ಇಷ್ಟೇ ಇರೋದು.”

“ಹಾಗಾದ್ರೆ ಪಕ್ಕದಲ್ಲಿ ಒಂದು ಗೀಟು ಎಳೀರಿ. ಹೊಸದಾಗಿ, ಬರಲ್ಲ ಅನ್ನೋರಿಗೆ.”

ಅವನು ಪುಸ್ತಕವನ್ನು ತೋಳಿನ ಮೇಲೆ ಬಿಡಿಸಿ ಹಿಡಿದ. ಆಮೇಲೆ ಪೆನ್ನು ಊರಿದ. ಮಳೆಗೆ ಅದು ಮೂಡಲಿಲ್ಲ. ಝಾಡಿಸಿದ, ಅಂಗೈಗೆ ಗೀಚಿದ, ಬಾಯಿಯ ಆವಿ ಊದಿದ. ಮೂಡಲಿಲ್ಲ.

ನಾನು ನನ್ನ ಪೆನ್ನು ಕೊಟ್ಟೆ.